ತಾಮ್ರದ ಬಿಲ್ಲೆಯ ಸೀಳುಗಳು: ನಿರ್ವಾತ ಸರ್ಕಿಟ್ ಬ್ರೇಕರಿನ ಒಂದು ಒಳಚರಿತ್ರೆ

ಮುಂಬಯಿಯ ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯಲ್ಲಿ, ಪುಣೆಯ ಕಾರ್ಖಾನೆಗಳ ಹಿಂಬದಿಯಲ್ಲಿ, ಚೆನ್ನೈ, ಹೈದರಾಬಾದುಗಳ ವಿದ್ಯುತ್ ಉಪಕೇಂದ್ರಗಳಲ್ಲಿ ಉಕ್ಕಿನ ಕಪಾಟುಗಳು ಸಾಲಾಗಿ ನಿಂತಿರುತ್ತವೆ. ಬಾಗಿಲ ಮೇಲೆ ತಲೆಬುರುಡೆಯ ಚಿತ್ರ, ಅದರ ಕೆಳಗೆ ‘11000 ವೋಲ್ಟ್’ ಎಂಬ ಬರಹ. ಆ ಕಪಾಟಿನೊಳಗೆ ಸಾಮಾನ್ಯವಾಗಿ ಮೂರು ಪಿಂಗಾಣಿ ಸೀಸೆಗಳು ಇರುತ್ತವೆ, ಒಂದೊಂದು ಫೇಸಿಗೆ ಒಂದೊಂದು. ಗಾತ್ರದಲ್ಲಿ ನಮ್ಮ ಮನೆಯ ಚೊಂಬಿಗಿಂತ ಬಹಳ ದೊಡ್ಡವಲ್ಲ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಶಾಶ್ವತವಾಗಿ ಮುಚ್ಚಿದ ಆ ಸೀಸೆಯಲ್ಲಿ ಒಂದಕ್ಕೊಂದು ಎದುರಾಗಿ ಎರಡು ತಾಮ್ರದ ಬಿಲ್ಲೆಗಳಿವೆ. ಸಾಮಾನ್ಯ ಸ್ಥಿತಿಯಲ್ಲಿ ಅವು ಒಂದನ್ನೊಂದು ಒತ್ತಿಕೊಂಡಿರುತ್ತವೆ, ಪ್ರವಾಹ ಹರಿಯುತ್ತಿರುತ್ತದೆ. ಎಲ್ಲಿಯೋ ತಂತಿ ತುಂಡಾಗಿ ನೆಲಕ್ಕೆ ತಾಗಿದಾಗ, ಕೇಬಲ್ಲಿನ ಹೊದಿಕೆ ಹರಿದಾಗ, ಅವು ಸುಮಾರು ಒಂದು ಸೆಂಟಿಮೀಟರಿನಷ್ಟು ದೂರ ಸರಿಯುತ್ತವೆ. ಕ್ಷಣದ ಕಿರುಭಾಗದಲ್ಲಿ ಸಾವಿರಾರು ಆಂಪಿಯರ್ ಪ್ರವಾಹ ನಿಂತುಹೋಗುತ್ತದೆ.

ಆ ಬಿಲ್ಲೆಗಳನ್ನು ಸೀಸೆ ಒಡೆದು ಹೊರತೆಗೆದು ನೋಡಿದರೆ ಅವು ನಾಣ್ಯದಂತೆ ಸಪಾಟಾಗಿಲ್ಲದಿರುವುದು ಕಾಣುತ್ತದೆ. ಕೆಲವದರ ಮೇಲೆ ನಡುವಿನಿಂದ ಅಂಚಿನತ್ತ ಬಾಗಿ ಸಾಗುವ ಸೀಳುಗಳಿವೆ, ಮಕ್ಕಳ ಗಿರಿಗಿಟ್ಲೆಯ ಎಸಳುಗಳ ಹಾಗೆ. ಕೆಲವು ಬಟ್ಟಲಿನ ಆಕಾರದವು, ಗೋಡೆಯಲ್ಲಿ ಓರೆಯಾಗಿ ಗರಗಸ ಆಡಿಸಿದ ಗುರುತುಗಳು. ಈ ಸೀಳುಗಳು ಅಲಂಕಾರಕ್ಕಾಗಿ ಕೊರೆದವಲ್ಲ. ಅವನ್ನು ಎಲ್ಲಿ, ಯಾವ ಕೋನದಲ್ಲಿ ಕೊರೆಯಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಎಂಜಿನಿಯರುಗಳು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದಿದ್ದಾರೆ. ಪ್ರಶ್ನೆಯ ಮೂಲ ಕಾಂತಕ್ಷೇತ್ರದಲ್ಲಿದೆ.

ವಿದ್ಯುತ್ ಪ್ರವಾಹವನ್ನು ನಿಲ್ಲಿಸುವುದು ಅದನ್ನು ಹರಿಸುವುದಕ್ಕಿಂತ ಕಠಿಣ. ಸಂಪರ್ಕ ಬಿಡಿಸಿದೊಡನೆ ಪ್ರವಾಹ ನಿಲ್ಲುವುದಿಲ್ಲ, ನಡುವಿನ ಅವಕಾಶವನ್ನು ದಾಟಿ ಉರಿಯುತ್ತ ಮುಂದುವರಿಯುತ್ತದೆ. ಪಠ್ಯಪುಸ್ತಕಗಳಲ್ಲಿ ಅದು ವಿದ್ಯುತ್ ಚಾಪ, ಕೆಲಸಗಾರರ ಬಾಯಲ್ಲಿ ಆರ್ಕ್. ಅದನ್ನು ಆರಿಸಲು ಮೊದಮೊದಲು ಎಣ್ಣೆಯನ್ನು ಬಳಸಿದರು. 1901ರಲ್ಲಿ ಕ್ಯಾಲಿಫೋರ್ನಿಯಾದ ಕೆಲ್ಮನ್ ರಚಿಸಿದ ಬ್ರೇಕರಿನಲ್ಲಿ ಮರದ ಪೀಪಾಯಿಗಳೇ ಎಣ್ಣೆಯ ತೊಟ್ಟಿಗಳಾಗಿದ್ದವು. ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಕೈಕೊಟ್ಟ ದಿನ ಮಾತ್ರ ಉಪಕೇಂದ್ರವೇ ಹೊತ್ತಿ ಉರಿಯುತ್ತಿತ್ತು. ಸಂಪೀಡಿತ ಗಾಳಿ ಬಂತು, ಅನಂತರ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ಬಂತು. ಇವೆಲ್ಲದರ ತತ್ತ್ವ ಒಂದೇ, ಚಾಪದ ಸುತ್ತ ಏನನ್ನಾದರೂ ತುಂಬಿ ಅದನ್ನು ತಣಿಸುವುದು. ಚಾಪದ ಸುತ್ತ ಏನನ್ನೂ ಇಡದಿದ್ದರೆ ಹೇಗೆ ಎಂಬ ಯೋಚನೆ ಇವಕ್ಕೆ ತೀರ ವಿರುದ್ಧ ದಿಕ್ಕಿನದು.

ಆ ಯೋಚನೆಯನ್ನು ಪ್ರಯೋಗಕ್ಕೆ ತಂದವರು ಪಾಸಡೀನಾದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರಾಯಲ್ ಸೋರೆನ್ಸನ್. ಹತ್ತು ಲಕ್ಷ ವೋಲ್ಟಿನ ಪ್ರಯೋಗಾಲಯವನ್ನು ಅಲ್ಲಿ ಕಟ್ಟಿದವರೂ ಅವರೇ. ಮೆಂಡೆನ್‌ಹಾಲ್ ಅವರೊಡನೆ 1926ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸುಮಾರು 41 ಸಾವಿರ ವೋಲ್ಟಿನಲ್ಲಿ 900 ಆಂಪಿಯರಿಗೂ ಮಿಕ್ಕಿದ ಪ್ರವಾಹವನ್ನು ನಿರ್ವಾತದಲ್ಲಿ ಕಡಿದುಹಾಕಿದ ವರದಿಯಿದೆ. ಮರುವರ್ಷ ಜನರಲ್ ಇಲೆಕ್ಟ್ರಿಕ್ ಕಂಪನಿ ಹಕ್ಕುಗಳನ್ನು ಕೊಂಡಿತು. ಇನ್ನೇನು ಎಣ್ಣೆಯ ಕಾಲ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಬಹುದಿತ್ತು. ಆದರೆ ಮುಂದಿನ ಸುಮಾರು ಮೂವತ್ತು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಇದಕ್ಕೆ 1929ರ ಆರ್ಥಿಕ ಕುಸಿತವನ್ನು ಕಾರಣವಾಗಿ ಹೇಳುವುದು ವಾಡಿಕೆ. ಅದು ಅರ್ಧ ಸತ್ಯವೆಂದು ನನ್ನ ಎಣಿಕೆ. ಹಣವಿದ್ದಿದ್ದರೂ ಆ ಸೀಸೆ ಬಾಳುತ್ತಿರಲಿಲ್ಲ. ಏಕೆಂದರೆ ಮಾರುಕಟ್ಟೆಯ ತಾಮ್ರ, ಬೆಲ್ಲದಲ್ಲಿ ಕಸವಿರುವಂತೆ, ತನ್ನೊಳಗೆ ಅನಿಲವನ್ನು ಹುದುಗಿಸಿಕೊಂಡಿರುತ್ತದೆ. ಪ್ರತಿ ಸಲ ಚಾಪ ಹತ್ತಿದಾಗಲೂ ಲೋಹ ಕರಗಿ ಆ ಅನಿಲ ಹೊರಬರುತ್ತದೆ, ನಿರ್ವಾತ ಕೆಡುತ್ತದೆ. ಗಾಜು ಲೋಹಗಳ ಬೆಸುಗೆಯೂ ವರ್ಷಗಟ್ಟಲೆ ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ರೇಡಿಯೋ ಪ್ರೇಷಕಗಳ ದೊಡ್ಡ ಕವಾಟಗಳನ್ನು ತಯಾರಿಸುತ್ತ ಕಲಿತ ಬೆಸುಗೆಯ ವಿದ್ಯೆ, ಟ್ರಾನ್ಸಿಸ್ಟರಿಗಾಗಿ 1950ರ ದಶಕದಲ್ಲಿ ಬೆಳೆದ ಲೋಹಶುದ್ಧಿಯ ವಿಧಾನ, ಇವೆರಡೂ ಕೂಡಿಬಂದ ಮೇಲೆಯೇ ಸೋರೆನ್ಸನ್ನರ ಸೀಸೆಗೆ ಬಾಳು ಬಂದದ್ದು. ಕ್ಯಾಲಿಫೋರ್ನಿಯಾದ ಜೆನ್ನಿಂಗ್ಸ್ ಕಂಪನಿ ಸಣ್ಣ ಪ್ರವಾಹದ ನಿರ್ವಾತ ಸ್ವಿಚ್ಚುಗಳನ್ನು ಮಾರತೊಡಗಿತು. ಜನರಲ್ ಇಲೆಕ್ಟ್ರಿಕ್ಕಿನಲ್ಲಿ ಶಾಂಘೈ ಮೂಲದ ಥಾಮಸ್ ಲೀ, ಅವರೊಡನೆ ಕೊಬೈನ್, ಲಾಫರ್ಟಿ, ಗ್ರೀನ್‌ವುಡ್ ಮೊದಲಾದವರು ವಿದ್ಯುತ್ ಜಾಲಕ್ಕೆ ಒಗ್ಗುವ ದೊಡ್ಡ ಬ್ರೇಕರಿನ ಕೆಲಸಕ್ಕೆ ಕೈಹಾಕಿದರು. ಕಾಂತಕ್ಷೇತ್ರ ಎದುರಾಳಿಯಾಗಿ ಕಾಣಿಸಿಕೊಂಡದ್ದು ಆಗ.

ನಿರ್ವಾತದಲ್ಲಿ ಉರಿಯಲು ಗಾಳಿಯೇ ಇಲ್ಲದಿದ್ದರೆ ಚಾಪ ಯಾವುದರಿಂದ ಹುಟ್ಟುತ್ತದೆ? ಬಿಲ್ಲೆಯ ಲೋಹದ ಆವಿಯಿಂದಲೇ. ಬಿಲ್ಲೆಗಳು ಅಗಲುವಾಗ ಋಣಾಗ್ರದ ಮೈಮೇಲೆ ಕಣ್ಣಿಗೆ ಕೋರೈಸುವ ಚುಕ್ಕೆಗಳು ಹುಟ್ಟುತ್ತವೆ. ತಾಮ್ರದಲ್ಲಿ ಒಂದೊಂದು ಚುಕ್ಕೆ ಸುಮಾರು 100 ಆಂಪಿಯರನ್ನು ಹೊರುತ್ತದೆ, ಅದರಿಂದ ಲೋಹದ ಅಯಾನುಗಳು ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತವೆ. ಪ್ರವಾಹ ಹೆಚ್ಚಿದಂತೆ ಚುಕ್ಕೆಗಳ ಸಂಖ್ಯೆ ಹೆಚ್ಚುತ್ತದೆ. ಈ ಚುಕ್ಕೆಗಳಿಗೆ ಒಂದು ವಿಚಿತ್ರ ಗುಣವಿದೆ. ಒಂದೇ ದಿಕ್ಕಿನಲ್ಲಿ ಹರಿಯುವ ಎರಡು ಪ್ರವಾಹಗಳು ಪರಸ್ಪರ ಆಕರ್ಷಿಸುತ್ತವೆಂದು 1820ರ ದಶಕದಲ್ಲಿಯೇ ಆಂಪಿಯರ್ ತೋರಿಸಿಕೊಟ್ಟಿದ್ದ. ಆದರೆ ಈ ಚುಕ್ಕೆಗಳು ದಾಯಾದಿಗಳಂತೆ ಒಂದರಿಂದೊಂದು ದೂರ ಸರಿಯುತ್ತವೆ. ಕಾಂತಕ್ಷೇತ್ರದಲ್ಲಿ ಋಣಾಗ್ರದ ಚುಕ್ಕೆ ತಾನು ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಓಡುವುದನ್ನು ಪಾದರಸದ ಚಾಪದಲ್ಲಿ ಜರ್ಮನಿಯ ಯೋಹಾನೆಸ್ ಸ್ಟಾರ್ಕ್ 1903ರಲ್ಲಿ ಗುರುತಿಸಿದ. ನೂರಿಪ್ಪತ್ತು ವರ್ಷ ಕಳೆದರೂ ಎಲ್ಲರೂ ಒಪ್ಪುವ ವಿವರಣೆ ಇದಕ್ಕೆ ದೊರೆತಿಲ್ಲ. ಎಂಜಿನಿಯರುಗಳು ವಿವರಣೆಗಾಗಿ ಕಾಯಲಿಲ್ಲ, ಆ ಗುಣದ ಲಾಭ ಪಡೆದರು. ಚುಕ್ಕೆಗಳು ಬಿಲ್ಲೆಯ ತುಂಬ ಹರಡಿಕೊಳ್ಳುವುದರಿಂದ ಬೇಗೆ ಒಂದೆಡೆ ಸೇರುವುದಿಲ್ಲ. ಚಾಪದ ವೋಲ್ಟೇಜು ಬರಿಯ 20 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ನಮ್ಮ 50 ಹರ್ಟ್ಸಿನ ವಿದ್ಯುತ್ತಿನಲ್ಲಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ತಾನಾಗಿಯೇ ಶೂನ್ಯಕ್ಕೆ ಇಳಿಯುತ್ತದಷ್ಟೆ. ಆ ಘಳಿಗೆಯಲ್ಲಿ ಚುಕ್ಕೆಗಳು ಆರುತ್ತವೆ, ಆವಿ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಚೆದರಿ ಹತ್ತಿರದ ಲೋಹದ ಮೇಲೆ ಇಬ್ಬನಿಯಂತೆ ಕೂರುತ್ತದೆ, ನಡುವೆ ಮತ್ತೆ ಶುದ್ಧ ನಿರ್ವಾತ.

ಈ ಸೌಮ್ಯರೂಪ ಸುಮಾರು ಹತ್ತು ಸಾವಿರ ಆಂಪಿಯರ್‌ವರೆಗೆ ಮಾತ್ರ. ಅದನ್ನು ಮೀರಿದೊಡನೆ ಚಾಪದ ನಡತೆ ಬದಲಾಗುತ್ತದೆ. ಪ್ರವಾಹ ತಾನೇ ಹುಟ್ಟಿಸಿದ ಕಾಂತಕ್ಷೇತ್ರ ಪ್ಲಾಸ್ಮಾವನ್ನು ಸುತ್ತಲಿಂದಲೂ ಒಳಕ್ಕೆ ಹಿಂಡುತ್ತದೆ. ಚುಕ್ಕೆಗಳು ಧಿಕ್ಕರಿಸಿದ್ದ ಆಂಪಿಯರನ ನಿಯಮಕ್ಕೆ ಇಡೀ ಚಾಪ ತಲೆಬಾಗುತ್ತದೆ. ಹರಡಿಕೊಂಡಿದ್ದ ಉರಿ ಬೆರಳುಗಾತ್ರದ ಕಂಬವಾಗಿ ಬಿಗಿದುಕೊಂಡು, ಅದುವರೆಗೆ ಸುಮ್ಮನೆ ಪ್ರವಾಹವನ್ನು ಸ್ವೀಕರಿಸುತ್ತಿದ್ದ ಧನಾಗ್ರದ ಒಂದೇ ಜಾಗವನ್ನು ಕಾಯಿಸುತ್ತದೆ. ಲೋಹ ಕುದಿಯುತ್ತದೆ. ಪ್ರವಾಹ ಶೂನ್ಯಕ್ಕೆ ಇಳಿದಾಗಲೂ ಆ ಕುದಿಯುವ ಹೊಂಡ ಆವಿಯುಗುಳುತ್ತಲೇ ಇರುತ್ತದೆ, ಚಾಪ ಮರುಹುಟ್ಟು ಪಡೆಯುತ್ತದೆ. ಸಪಾಟು ಬಿಲ್ಲೆಯ ಬ್ರೇಕರು ಸೋಲುತ್ತಿದ್ದುದು ಹೀಗೆ.

ಅಂಗೈಗೆ ಬಿದ್ದ ಕೆಂಡವನ್ನು ಎರಡು ರೀತಿಯಲ್ಲಿ ನಿಭಾಯಿಸಬಹುದು. ಕೈಯಿಂದ ಕೈಗೆ ಎಸೆಯುತ್ತ ಒಂದೆಡೆ ನಿಲ್ಲಲು ಬಿಡದಿರುವುದು ಒಂದು, ಪುಡಿಮಾಡಿ ಅಗಲವಾಗಿ ಹರಡಿಬಿಡುವುದು ಇನ್ನೊಂದು. ನಿರ್ವಾತ ಬ್ರೇಕರಿನ ಚರಿತ್ರೆಯಲ್ಲಿ ಈ ಎರಡೂ ಪಂಥಗಳಾದವು.

ಎಸೆಯುವ ಪಂಥ ಮೊದಲು ಬಂತು. ಜನರಲ್ ಇಲೆಕ್ಟ್ರಿಕ್ಕಿನ ಶ್ನೈಡರ್ ಹೆಸರಿನಲ್ಲಿ 1960ರಲ್ಲಿ ಹೊರಟ ಪೇಟೆಂಟಿನಲ್ಲಿ ಗಿರಿಗಿಟ್ಲೆಯ ಮಾದರಿಯ ಬಿಲ್ಲೆಯಿದೆ. ನಡುವೆ ತಗ್ಗು, ಅದರ ಸುತ್ತ ಉಂಗುರದಂಥ ಒತ್ತುಭಾಗ, ಅಲ್ಲಿಂದ ಹೊರಕ್ಕೆ ಬಾಗಿದ ಸೀಳುಗಳು. ದಂಡದಿಂದ ಬಂದ ಪ್ರವಾಹ ಚಾಪದ ಬುಡವನ್ನು ಮುಟ್ಟಬೇಕಾದರೆ ಎಸಳಿನ ಉದ್ದಕ್ಕೂ ಬಾಗಿಯೇ ಹರಿಯಬೇಕು. ಆ ಬಾಗಿದ ದಾರಿಯೇ ಅರ್ಧ ಸುತ್ತಿನ ಸುರುಳಿಯಾಗಿ ಚಾಪಕ್ಕೆ ಅಡ್ಡಲಾಗಿ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರ ಚಾಪದ ಕಂಬವನ್ನು ಅಂಚಿಗೆ ತಳ್ಳಿ, ಅಂಚಿನ ಗುಂಟ ಕುಂಬಾರನ ತಿಗರಿಯಂತೆ ಗಿರಗಿರನೆ ತಿರುಗಿಸುತ್ತದೆ. ಒಂದು ಬಿಂದುವಿನಲ್ಲಿ ಅದು ನಿಲ್ಲುವ ಸಮಯ ಎಷ್ಟು ಕಡಿಮೆಯೆಂದರೆ ಲೋಹದ ಮೇಲ್ಪದರ ಮಾತ್ರ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಯಾವ ಕಾಂತವನ್ನೂ ತರಬೇಕಾಗಿಲ್ಲ, ಪ್ರತ್ಯೇಕ ವಿದ್ಯುತ್ತೂ ಬೇಡ. ಪ್ರವಾಹ ಹೆಚ್ಚಿದಷ್ಟೂ ತಳ್ಳುವ ಬಲವೂ ಹೆಚ್ಚು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ಉಪಾಯದ ಸೊಗಸನ್ನು ಒಮ್ಮೆ ಅರಿತವರಿಗೆ ಮರೆಯಲಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ರೀಸ್ ಎಂಬ ವಿಜ್ಞಾನಿ ಇದೇ ಗುರಿಯತ್ತ ಬೇರೆ ದಾರಿ ಹಿಡಿದರು. ನಿರ್ವಾತ ಸ್ವಿಚ್ಚಿನ ಬಗ್ಗೆ 1963ರಲ್ಲಿ ಅವರು ಪ್ರಕಟಿಸಿದ ಬರಹ ಈ ಕ್ಷೇತ್ರದವರಿಗೆ ಇಂದಿಗೂ ಮೊದಲ ಪಾಠ. ಅಲ್ಲಿ ಬೆಳೆದದ್ದು ಬಟ್ಟಲಿನ ಮಾದರಿ. ಎರಡು ಬಟ್ಟಲುಗಳು ಬಾಯಿಗೆ ಬಾಯಿ ಕೊಟ್ಟು ಕೂರುತ್ತವೆ. ಗೋಡೆಯ ಓರೆ ಸೀಳುಗಳಿಂದಾಗಿ ಪ್ರವಾಹ ನೇರವಾಗಿ ಏರದೆ ವಾಲಿಕೊಂಡು ಏರುತ್ತದೆ, ಚಾಪ ಬಾಯಿಯಂಚಿನ ಮೇಲೆ ಓಡುತ್ತದೆ. ಗಿರಿಗಿಟ್ಲೆಯಲ್ಲಿ ಚಾಪ ಒಂದು ಎಸಳಿನಿಂದ ಮತ್ತೊಂದಕ್ಕೆ ನೆಗೆಯಬೇಕಾಗಿತ್ತು, ನೆಗೆಯಲು ತಡವಾದರೆ ಎಸಳಿನ ತುದಿ ಸುಟ್ಟುಹೋಗುತ್ತಿತ್ತು.

ಇಲ್ಲಿ ಲೋಹದ ಮಾತನ್ನೂ ಸ್ವಲ್ಪ ಆಡಬೇಕು, ಏಕೆಂದರೆ ಸೀಳುಗಳಷ್ಟೇ ಸಾಲುತ್ತಿರಲಿಲ್ಲ. ನಿರ್ವಾತದಲ್ಲಿ ಶುದ್ಧ ತಾಮ್ರದ ಎರಡು ಬಿಲ್ಲೆಗಳನ್ನು ಒತ್ತಿದರೆ ಅವು ಬೆಸೆದುಕೊಂಡುಬಿಡುತ್ತವೆ. ಲೀ ಅವರ ತಂಡ ತಾಮ್ರಕ್ಕೆ ಅತ್ಯಲ್ಪ ಬಿಸ್ಮತ್ ಸೇರಿಸಿತು, ಬೆಸುಗೆ ಬಿದ್ದರೂ ಹಪ್ಪಳದಂತೆ ಮುರಿಯಲೆಂದು. ಅನಂತರ ಇಂಗ್ಲೆಂಡ್, ಅಮೆರಿಕಗಳಲ್ಲಿ ತಾಮ್ರಕ್ಕೆ ಕ್ರೋಮಿಯಮ್ ಬೆರೆಸುವ ಪದ್ಧತಿ ಬಂದು, ಕಾಲು ಭಾಗದಿಂದ ಅರ್ಧದವರೆಗೆ ಕ್ರೋಮಿಯಮ್ ಇರುವ ಆ ಮಿಶ್ರಣವೇ ಜಗತ್ತಿನಾದ್ಯಂತ ನೆಲೆಗೊಂಡಿತು. ಬಾಗಿಲು ಬಡಿದಂತೆ ಪ್ರವಾಹ ಶೂನ್ಯಕ್ಕೆ ಮುನ್ನವೇ ಥಟ್ಟನೆ ಕಡಿದು ಮೋಟಾರುಗಳ ನಿರೋಧನವನ್ನು ಹಾಳುಮಾಡುತ್ತದೆಂಬ ಹಳೆಯ ದೂರು ಬಹುಮಟ್ಟಿಗೆ ತಗ್ಗಿದ್ದು ಈ ಮಿಶ್ರಣದಿಂದ.

ಹರಡುವ ಪಂಥ ಸ್ಪಷ್ಟ ರೂಪ ಪಡೆದದ್ದು 1970ರ ದಶಕದಲ್ಲಿ. ಚಾಪಕ್ಕೆ ಅಡ್ಡವಾಗಿ ಅಲ್ಲ, ಅದರ ಉದ್ದಕ್ಕೇ, ಅಂದರೆ ಒಂದು ಬಿಲ್ಲೆಯಿಂದ ಇನ್ನೊಂದರತ್ತ ಸಾಗುವ ಕಾಂತಕ್ಷೇತ್ರವನ್ನು ಇರಿಸಿದರೆ ಏನಾಗುತ್ತದೆ? ಕಾಂತರೇಖೆಗಳ ಸುತ್ತ ಇಲೆಕ್ಟ್ರಾನುಗಳು ಹಂಬಿಗೆ ಸುತ್ತಿಕೊಂಡ ಬಳ್ಳಿಯಂತೆ ಸುರುಳಿಯಾಗಿ ಚಲಿಸುತ್ತವೆ, ರೇಖೆಯನ್ನು ಬಿಟ್ಟು ಪಕ್ಕಕ್ಕೆ ಸರಿಯಲಾರವು. ಒಳಕ್ಕೆ ಹಿಂಡುವ ಬಲ ಅವುಗಳನ್ನು ಒಟ್ಟುಗೂಡಿಸಲಾರದೆ ಹೋಗುತ್ತದೆ. 1972ರಲ್ಲಿ ವೆಸ್ಟಿಂಗ್‌ಹೌಸ್‌ನ ಕಿಂಬ್ಲಿನ್ ಮತ್ತು ವೋಶಲ್ ಇಂಥ ಕ್ಷೇತ್ರದಲ್ಲಿ ಬ್ರೇಕರಿನ ಸಾಮರ್ಥ್ಯ ಹೇಗೆ ಹೆಚ್ಚುತ್ತದೆಂದು ಪ್ರಕಟಿಸಿದರು. ಅದರ ಬೆನ್ನಿಗೇ ಜಪಾನಿನಿಂದಲೂ ಇದೇ ದಿಕ್ಕಿನ ಫಲಿತಾಂಶಗಳು ಬಂದವು. ತೋಷಿಬಾದ ಯನಾಬು ಮತ್ತು ಸಂಗಡಿಗರು ಆ ದಶಕದುದ್ದಕ್ಕೂ ಇದನ್ನು ಬೆಳೆಸಿದರು. ಹತ್ತಾರು ಸಾವಿರ ಆಂಪಿಯರಿನಲ್ಲೂ ಚಾಪ ಕಂಬವಾಗದೆ ಬಿಲ್ಲೆಯ ತುಂಬ ಮಂಕಾದ ಬೆಳಕಿನಂತೆ ಹರಡಿಕೊಂಡೇ ಉಳಿಯಿತು. ಲೋಹ ಸವೆಯುವುದು ಕಡಿಮೆಯಾಯಿತು. ಇದಕ್ಕೆ ಬೇಕಾದ ಕ್ಷೇತ್ರವೂ ಭಾರಿಯದಲ್ಲ, ಪ್ರತಿ ಸಾವಿರ ಆಂಪಿಯರಿಗೆ ಕೆಲವೇ ಮಿಲಿಟೆಸ್ಲಾ.

ಆ ಕ್ಷೇತ್ರವನ್ನು ಹುಟ್ಟಿಸಲು ಬಿಲ್ಲೆಯ ಬೆನ್ನಿಗೆ ತಾಮ್ರದ ಸುರುಳಿಯನ್ನು ಜೋಡಿಸಿದರು. ದಂಡದಿಂದ ಬಂದ ಪ್ರವಾಹ ಕವಲೊಡೆದು, ವೃತ್ತದ ಒಂದು ಭಾಗವನ್ನು ಸುತ್ತಿ, ಅನಂತರವೇ ಬಿಲ್ಲೆಯನ್ನು ಸೇರುತ್ತದೆ. ಬಟ್ಟಲಿನ ಮಾದರಿಯಲ್ಲಂತೂ ಇನ್ನೂ ಸರಳವಾದ, ನನಗೆ ಅತ್ಯಂತ ಪ್ರಿಯವಾದ ಒಂದು ಸಂಗತಿಯಿದೆ. ಎರಡು ಬಟ್ಟಲುಗಳ ಸೀಳುಗಳು ಕನ್ನಡಿಯ ಬಿಂಬದಂತೆ ಒಂದಕ್ಕೊಂದು ವಿರುದ್ಧವಾಗಿ ವಾಲಿದ್ದರೆ, ಅವುಗಳ ಕ್ಷೇತ್ರಗಳು ನಡುವೆ ಡಿಕ್ಕಿಯಾಗಿ ಹೊರಕ್ಕೆ ತಿರುಗುತ್ತವೆ, ಚಾಪ ಅಂಚಿನಲ್ಲಿ ಓಡುತ್ತದೆ. ಎರಡನ್ನೂ ಒಂದೇ ಅಚ್ಚಿನಲ್ಲಿ ಕೊರೆದು ಎದುರುಬದುರಾಗಿ ಇಟ್ಟರೆ, ಮೇಲಿನ ಸುರುಳಿ ಕೆಳಗೆ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ, ಕ್ಷೇತ್ರ ಉದ್ದಕ್ಕೆ ಸಾಗುತ್ತದೆ, ಚಾಪ ಓಡುವ ಬದಲು ಹರಡಿಕೊಳ್ಳುತ್ತದೆ. ಎರಡು ಪಂಥಗಳ ನಡುವಿನ ಅಂತರ ಕೊನೆಗೆ ಒಂದು ಬಟ್ಟಲಿನ ಸೀಳು ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಎಂಬಷ್ಟೇ.

ಆದರೆ ಹರಡುವ ಪಂಥಕ್ಕೆ ಅದರದೇ ತೊಡಕುಗಳಿದ್ದವು. ಬದಲಾಗುತ್ತಿರುವ ಕಾಂತಕ್ಷೇತ್ರ ಬಿಲ್ಲೆಯನ್ನು ತೂರಿಹೋಗುವಾಗ ಅದರೊಳಗೆ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಅವು ಮೂಲ ಕ್ಷೇತ್ರವನ್ನು ಕುಗ್ಗಿಸುವುದಲ್ಲದೆ ಹಿಂದಕ್ಕೂ ಎಳೆಯುತ್ತವೆ. ಪ್ರವಾಹ ಶೂನ್ಯವಾದ ಘಳಿಗೆಯಲ್ಲಿ ಕ್ಷೇತ್ರ ಇನ್ನೂ ಶೂನ್ಯವಾಗಿರುವುದಿಲ್ಲ, ಆ ಉಳಿಕೆ ಕ್ಷೇತ್ರ ಚೆದರಿಹೋಗಬೇಕಾದ ಪ್ಲಾಸ್ಮಾವನ್ನು ಬೇಡದ ಹೊತ್ತಿನಲ್ಲಿ ಹಿಡಿದಿಡುತ್ತದೆ. ಸುಳಿಯನ್ನು ತಡೆಯಲು ಬಿಲ್ಲೆಯಲ್ಲಿ ಕೇಂದ್ರದಿಂದ ಅಂಚಿಗೆ ನೇರ ಸೀಳುಗಳನ್ನು ಕೊರೆದರು. ಸೀಳು ಹೆಚ್ಚಿದರೆ ಬಿಲ್ಲೆ ದುರ್ಬಲ, ಅದು ಸಾವಿರಾರು ಬಾರಿ ಸುತ್ತಿಗೆಯ ಪೆಟ್ಟಿನಂತೆ ಮುಚ್ಚಿಕೊಳ್ಳಬೇಕಾದದ್ದು. ಕ್ಷೇತ್ರ ನಡುವೆ ತೀರ ಪ್ರಬಲವಾದರೆ ಚಾಪವೂ ನಡುವೆಯೇ ಗುಂಪುಗೂಡುತ್ತದೆ. ಎಲ್ಲಕ್ಕಿಂತ ದಿನನಿತ್ಯದ ಸಮಸ್ಯೆಯೆಂದರೆ ಸುರುಳಿಯ ಕಾವು. ಬ್ರೇಕರು ವರ್ಷದಲ್ಲಿ ಎಲ್ಲೋ ಒಮ್ಮೆ ಅವಘಡವನ್ನು ತಡೆಯುತ್ತದೆ, ಉಳಿದ ದಿನವೆಲ್ಲ ಸುಮ್ಮನೆ ಪ್ರವಾಹ ಹೊರುತ್ತದೆ. ಉದ್ದದ ಸುರುಳಿಯ ದಾರಿ ಆ ಉಳಿದ ದಿನವೆಲ್ಲ ಬಿಸಿಯಾಗುತ್ತಿರುತ್ತದೆ, ನಿರ್ವಾತದಲ್ಲಿ ಆ ಬಿಸಿಯನ್ನು ಒಯ್ಯಲು ಗಾಳಿಯೂ ಇಲ್ಲ. ಇದಕ್ಕೆ ಹಾಲೆಂಡಿನ ಹೆಂಗೆಲೋ ಊರಿನ ತಯಾರಕರು ಚೆಂದದ ಪರಿಹಾರ ಕಂಡುಕೊಂಡರು. ಸುರುಳಿಯನ್ನೇ ಕೈಬಿಟ್ಟು ಬಿಲ್ಲೆಯ ಹಿಂದೆ ಕುದುರೆ ಲಾಳದ ಆಕಾರದ ಕಬ್ಬಿಣದ ತುಣುಕುಗಳನ್ನಿಟ್ಟರು. ಪ್ರವಾಹದ ಸುತ್ತ ಸಹಜವಾಗಿಯೇ ಇರುವ ವರ್ತುಲಾಕಾರದ ಕ್ಷೇತ್ರವನ್ನು ಆ ಕಬ್ಬಿಣ ಹಿಡಿದು ಬಾಗಿಸಿ ಬಿಲ್ಲೆಗಳ ನಡುವೆ ಹಾಯಿಸುತ್ತದೆ.

ಯಾವ ಪಂಥ ಗೆದ್ದಿತು? ತಂತ್ರಜ್ಞಾನದ ಚರಿತ್ರೆ ಬರೆಯುವವರಿಗೆ ಹಳೆಯದು ಸೋತು ಹೊಸದು ಗೆದ್ದ ಕಥೆಯೇ ಇಷ್ಟ. ಇಲ್ಲಿ ಹಾಗಾಗಲಿಲ್ಲ. ಹೆಚ್ಚು ಪ್ರವಾಹವನ್ನು ದಿನವಿಡೀ ಹೊರಬೇಕಾದಲ್ಲಿ, ಬೆಲೆಯೂ ಕಡಿಮೆಯಿರಬೇಕಾದಲ್ಲಿ ಗಿರಿಗಿಟ್ಲೆ ಇಂದಿಗೂ ಜೀವಂತವಾಗಿದೆ. ಅತಿ ದೊಡ್ಡ ಅವಘಡದ ಪ್ರವಾಹವನ್ನು ಮತ್ತೆ ಮತ್ತೆ ಕಡಿಯಬೇಕಾದಲ್ಲಿ, ವೋಲ್ಟೇಜು ಹೆಚ್ಚಿದಲ್ಲಿ ಉದ್ದಕ್ಷೇತ್ರದ ಬಿಲ್ಲೆಯೇ ಮೇಲು. ಒಂದೇ ಕಂಪನಿ ಎರಡನ್ನೂ ತಯಾರಿಸುವುದುಂಟು.

ಈ ವಿದ್ಯೆ ಭಾರತದಲ್ಲಿ ನೆಲೆಯೂರಿದ ಜಾಗಗಳಲ್ಲಿ ಬೆಂಗಳೂರೂ ಒಂದು. 1954ರಲ್ಲಿ ಸ್ಥಾಪನೆಯಾದ ಭಾರತ್ ಇಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ಪ್ರೇಷಕ ಕವಾಟಗಳನ್ನೂ ಮಾಡಿತು, ನಿರ್ವಾತ ಬ್ರೇಕರುಗಳ ಸೀಸೆಗಳನ್ನೂ ಮಾಡಿತು. ಈ ಎರಡು ಸರಕುಗಳು ಒಂದೇ ಸೂರಿನಡಿ ಬಂದದ್ದು ಸಹಜವೇ. ಪಿಂಗಾಣಿಗೆ ಲೋಹವನ್ನು ಬೆಸೆಯುವುದು, ಧೂಳಿಲ್ಲದ ಕೋಣೆಯಲ್ಲಿ ಜೋಡಿಸುವುದು, ನಿರ್ವಾತ ಕುಲುಮೆಯಲ್ಲಿ ಬೇಯಿಸುವುದು ಎರಡಕ್ಕೂ ಬೇಕಾದ ಕಸುಬು. ಮಹಾರಾಷ್ಟ್ರದಲ್ಲಿ ಕ್ರಾಂಪ್ಟನ್ ಗ್ರೀವ್ಸ್ ಈ ಸೀಸೆಗಳನ್ನು ತಯಾರಿಸಿತು. ತಯಾರಾದ ಬ್ರೇಕರನ್ನು ಪರೀಕ್ಷೆಗೊಡ್ಡುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಬೆಂಗಳೂರಿನಲ್ಲಿದೆ. ಪರೀಕ್ಷೆ ನಿರ್ದಯವಾದದ್ದು. ಪೂರ್ಣ ಅವಘಡದ ಪ್ರವಾಹವನ್ನು ಒಮ್ಮೆ ಕಡಿಯಬೇಕು, 0.3 ಸೆಕೆಂಡಿನಲ್ಲಿ ಅದೇ ಅವಘಡದ ಮೇಲೆ ಮತ್ತೆ ಮುಚ್ಚಿಕೊಂಡು ಕಡಿಯಬೇಕು, 3 ನಿಮಿಷದ ಬಳಿಕ ಇನ್ನೊಮ್ಮೆ. ಕಾಗದದ ಮೇಲೆ ಲೆಕ್ಕ ಹಾಕಿದ ಕ್ಷೇತ್ರ ಬಿಲ್ಲೆಯ ಮೇಲೆ ನಿಜವಾಗಿಯೂ ಹಾಗೆಯೇ ಇತ್ತೇ ಎಂಬುದು ಗೊತ್ತಾಗುವುದು ಇಂಥ ಅಂಗಳದಲ್ಲಿ. ಸೋತ ಸೀಸೆಯನ್ನು ಕತ್ತರಿಸಿ ನೋಡಿದರೆ ಚಾಪ ಎಲ್ಲಿ ನಿಂತು ಸುಟ್ಟಿತೆಂಬುದು ಲೋಹದ ಮೇಲೆ ಬರೆದಿಟ್ಟಂತಿರುತ್ತದೆ.

ಹಳೆಯದೆನ್ನಿಸಿದ್ದ ಈ ಪ್ರಶ್ನೆ ಈಗ ಮತ್ತೆ ಬಿಸಿಯಾಗಿದೆ. ಹೆಚ್ಚಿನ ವೋಲ್ಟೇಜಿನಲ್ಲಿ ಆಳುತ್ತ ಬಂದ ಸಲ್ಫರ್ ಹೆಕ್ಸಾಫ್ಲೋರೈಡ್ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 24 ಸಾವಿರ ಪಟ್ಟು ಪ್ರಬಲ. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ನಿಯಮದಂತೆ, 24 ಸಾವಿರ ವೋಲ್ಟಿನವರೆಗಿನ ಹೊಸ ಉಪಕರಣಗಳಲ್ಲಿ 2026ರ ಆರಂಭದಿಂದ ಅದಕ್ಕೆ ಜಾಗವಿಲ್ಲ, ಮೇಲಿನ ವೋಲ್ಟೇಜುಗಳ ಸರದಿ ಅನಂತರ. ಆ ಸ್ಥಾನಕ್ಕೆ ನಿರ್ವಾತ ಏರಬೇಕೆಂದರೆ ಬಿಲ್ಲೆಗಳ ನಡುವಿನ ಅಂತರ ಹಿಗ್ಗಬೇಕು. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಉಪಕೇಂದ್ರದಲ್ಲಿ ಬ್ರಿಟಿಷರು ನಿಲ್ಲಿಸಿದ 132 ಸಾವಿರ ವೋಲ್ಟಿನ ನಿರ್ವಾತ ಬ್ರೇಕರಿನಲ್ಲಿ ಪ್ರತಿ ಫೇಸಿಗೆ ಎಂಟು ಸೀಸೆಗಳನ್ನು ಸಾಲಾಗಿ ಪೋಣಿಸಿದ್ದರು. ಅದು ದಶಕಗಳ ಕಾಲ ದುಡಿಯಿತು, ಆದರೆ ದುಬಾರಿಯೆಂದು ಆ ದಾರಿ ಮುಂದುವರಿಯಲಿಲ್ಲ. ಇಂದಿನವರಿಗೆ ಎಂಟರ ಕೆಲಸ ಒಂದೇ ಸೀಸೆಯಲ್ಲಿ ಆಗಬೇಕು. ಒಂದು ಸೆಂಟಿಮೀಟರಿನ ಬದಲು ಬಿಲ್ಲೆಗಳು ಹಲವು ಸೆಂಟಿಮೀಟರ್ ದೂರ ನಿಂತಾಗ ಕಾಂತರೇಖೆಗಳು ನಡುದಾರಿಯಲ್ಲಿ ಅಗಲಕ್ಕೆ ಹರಡಿ ಕ್ಷೇತ್ರ ಸೊರಗುತ್ತದೆ, ಅಲ್ಲಿ ಚಾಪ ಮತ್ತೆ ಕಂಬವಾಗಲು ಹವಣಿಸುತ್ತದೆ. ಸುರುಳಿಯನ್ನು ಬಲಪಡಿಸಿದರೆ ಕಾವು, ಸೀಳನ್ನು ಹೆಚ್ಚಿಸಿದರೆ ಅಂಚುಗಳಲ್ಲಿ ವೋಲ್ಟೇಜಿನ ಒತ್ತಡ. ಚೀನಾದ ಶಿಯಾನ್ ಜಿಯಾಟಾಂಗ್ ವಿಶ್ವವಿದ್ಯಾಲಯದಲ್ಲಿ, ಜರ್ಮನಿ ಮತ್ತು ಜಪಾನುಗಳ ಕಾರ್ಖಾನೆಗಳಲ್ಲಿ ಇದಕ್ಕಾಗಿ ಸುರುಳಿಯ ಸುತ್ತುಗಳನ್ನೂ ಸೀಳುಗಳ ಕೋನವನ್ನೂ ಹೊಸದಾಗಿ ಲೆಕ್ಕಹಾಕುತ್ತ ಬಂದಿದ್ದಾರೆ. 126 ಸಾವಿರ ಮತ್ತು 145 ಸಾವಿರ ವೋಲ್ಟಿಗೆ ಒಂದೇ ಸೀಸೆಯ ಬ್ರೇಕರುಗಳು ಈಗಾಗಲೇ ಜಾಲದಲ್ಲಿ ದುಡಿಯುತ್ತಿವೆ.